ಹೆಸರು ಮತ್ತು ದಫ್ತರ: ಹಾವೇರಿ ಸೀಮೆಯ ವಂಶವೃತ್ತಾಂತಗಳ ಆಧಾರವಿಮರ್ಶೆ

೧

೧೯೩೦ನೆಯ ಇಸವಿ ಮಾರ್ಚಿ ೧೨ರಂದು ಗಾಂಧೀಜಿಯವರು ಸಾಬರಮತಿಯ ಆಶ್ರಮದಿಂದ ದಾಂಡಿಗೆ ಹೊರಟಾಗ ಅವರೊಡನೆ ನಡೆದ ಸತ್ಯಾಗ್ರಹಿಗಳ ಹೆಸರುಗಳು ‘ಯಂಗ್ ಇಂಡಿಯಾ’ ಪತ್ರಿಕೆಯಲ್ಲಿ ಅಚ್ಚಾದುವು. ಆ ಪಟ್ಟಿಯಲ್ಲಿ ಕರ್ನಾಟಕದ ಪಾಲಿಗೆ ಬಂದುದು ಒಂದೇ ಹೆಸರು: ಮಹಾದೇವ ಮಾರ್ತಾಂಡ. ಈ ಹೆಸರಿನಿಂದ ಕರೆಯಲ್ಪಡುವ ದೇಶಭಕ್ತನನ್ನು ಕನ್ನಡನಾಡಿನಲ್ಲಿ ಹುಡುಕಿದರೆ ಯಾರೂ ಸಿಕ್ಕುವುದಿಲ್ಲ. ಆದರೆ ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರನ್ನು ಅರಿಯದವರು ಆ ಸೀಮೆಯಲ್ಲಿ ವಿರಳ. ಪಟ್ಟಿಯ ಮಹಾದೇವ ಮಾರ್ತಾಂಡನೇ ಮೋಟೆಬೆನ್ನೂರಿನ ಮಹಾದೇವಪ್ಪನವರೆಂದು ಇಂದು ಎಲ್ಲರೂ ಒಪ್ಪಿರುವರು. ಒಪ್ಪಿಗೆಯು ಸರಿಯಾದುದೇ. ಆದರೆ ಒಪ್ಪಿದುದು ಯಾವ ಆಧಾರದ ಮೇಲೆ, ಆ ಆಧಾರಕ್ಕೆ ಬಲವೆಷ್ಟು ಎಂಬುದನ್ನು ವಿಚಾರಿಸಿದರೆ ಈ ಒಬ್ಬ ವ್ಯಕ್ತಿಯ ವಿಷಯವನ್ನು ಮೀರಿದ ಒಂದು ಪ್ರಶ್ನೆ ಎದುರಿಗೆ ಬರುತ್ತದೆ: ಹಳೆಯ ಪತ್ರಿಕೆಗಳ ಪ್ರಕಟಣೆಗಳಿಂದಲೂ ಸರಕಾರದ ದಫ್ತರಗಳಿಂದಲೂ ಮನೆತನಗಳ ವೃತ್ತಾಂತವನ್ನು ಕಟ್ಟುವವನು ಅವುಗಳನ್ನು ಹೇಗೆ ಓದಬೇಕು?

ಪ್ರಾಚೀನ ಕವಿಗಳ ವಿಷಯದಲ್ಲಿ ಈ ಪ್ರಶ್ನೆಗೆ ಕನ್ನಡದ ವಿದ್ವಾಂಸರು ಬಹುಕಾಲದ ಹಿಂದೆಯೇ ಉತ್ತರವನ್ನು ಸಿದ್ಧಗೊಳಿಸಿದ್ದಾರೆ. ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ ಸಂಪುಟಗಳು ೧೯೦೭ರಿಂದ ಮೊದಲುಗೊಂಡು ಹೊರಬಿದ್ದಂದಿನಿಂದ ಕವಿಯು ತನ್ನ ವಿಷಯವಾಗಿ ಹೇಳಿಕೊಂಡುದು, ಇತರ ಕವಿಗಳು ಅವನ ವಿಷಯವಾಗಿ ಹೇಳಿದುದು, ಶಾಸನಗಳಿಂದ ದೊರೆಯುವುದು ಇವುಗಳನ್ನು ಬೇರೆಬೇರೆಯಾಗಿ ತೂಗಿನೋಡುವ ರೂಢಿ ಬೆಳೆದುಬಂದಿದೆ. ಹತ್ತೊಂಬತ್ತು ಮತ್ತು ಇಪ್ಪತ್ತನೆಯ ಶತಮಾನಗಳ ವಿಷಯ ಹಾಗಲ್ಲ. ಇಲ್ಲಿ ಆಧಾರಗಳ ಅಭಾವವಿಲ್ಲ, ಬಾಹುಳ್ಯವೇ ಇದೆ. ಮುದ್ರೆ ಬಿದ್ದ ಕಾಗದವು ಸುಳ್ಳಾಡದೆಂಬ ನಂಬಿಕೆಯಿಂದ ಬರೆದ ಜೀವನಚರಿತ್ರೆಗಳೂ ವಂಶಾವಳಿಗಳೂ ಹೆಚ್ಚುತ್ತಿವೆ. ತಾಮ್ರಶಾಸನದ ಕೃತಕತೆಯನ್ನು ಶಂಕಿಸಬಲ್ಲ ವಿಮರ್ಶಕನು ಚಾವಡಿಯ ಉತಾರದ ಮುಂದೆ ಸುಮ್ಮನಾಗುವುದು ಉಚಿತವಲ್ಲ.

೨

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಈ ಮೂರು ಊರುಗಳ ಸುತ್ತಣ ಸೀಮೆಯು ಇಂತಹ ವಿಚಾರಕ್ಕೆ ತಕ್ಕ ಕ್ಷೇತ್ರ. ಪೇಶವೆಯರ ಅಧಿಕಾರವು ೧೮೧೮ರಲ್ಲಿ ಕೊನೆಗೊಂಡ ಮೇಲೆ ಇದು ಇಂಗ್ಲಿಷರ ಕೈಗೆ ಬಂದು, ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಯ ಭಾಗವಾಗಿ ಉಳಿದು, ೧೯೫೬ರಲ್ಲಿ ಮೈಸೂರು ರಾಜ್ಯವನ್ನು ಸೇರಿತು. ಹಾವೇರಿಯು ಪ್ರತ್ಯೇಕ ಜಿಲ್ಲೆಯಾದುದು ೧೯೯೭ರಲ್ಲಿ. ಆದಕಾರಣ ಒಂದೇ ಮನೆತನದ ಕಾಗದಗಳು ಪುಣೆ, ಮುಂಬಯಿ, ಧಾರವಾಡ, ಹಾವೇರಿ ಎಂದು ನಾಲ್ಕು ಕಡೆ ಚದರಿರಬಹುದು. ಊರುಗಳ ಹೆಸರು ಹಾಗೆಯೇ ಇದ್ದರೂ ವಿಭಾಗಗಳ ಹೆಸರು ಬದಲಾಗಿದೆ. ೧೮೮೪ರಲ್ಲಿ ಪ್ರಕಟವಾದ ಧಾರವಾಡ ಜಿಲ್ಲೆಯ ಗೆಜೆಟಿಯರಿನಲ್ಲಿ ಹೇಳಿರುವ ಹನ್ನೊಂದು ತಾಲ್ಲೂಕುಗಳಲ್ಲಿ ರಾಣೆಬೆನ್ನೂರುಂಟು. ಹಾವೇರಿಯಾಗಲಿ ಬ್ಯಾಡಗಿಯಾಗಲಿ ಇಲ್ಲ. ಹಾವೇರಿಯಿದ್ದ ತಾಲ್ಲೂಕಿಗೆ ಆಗ ಕರಜಗಿಯೆಂದು ಹೆಸರು. ಇದನ್ನರಿಯದೆ ಹಾವೇರಿ ತಾಲ್ಲೂಕಿನ ದಫ್ತರವನ್ನು ಕೇಳುವವನು ಬರಿಗೈಯಿಂದ ಹಿಂದಿರುಗಿ, ತನ್ನ ಹಿರಿಯರ ಹೆಸರು ಎಲ್ಲಿಯೂ ಇಲ್ಲವೆಂದು ನಿರ್ಣಯಿಸಬಹುದು. ದಫ್ತರದಲ್ಲಿ ಇಲ್ಲದಿರುವುದು ಒಂದು, ಹುಡುಕುವವನಿಗೆ ಕಾಣದಿರುವುದು ಇನ್ನೊಂದು. ಈ ಭೇದವೇ ಮೊದಲನೆಯ ಪಾಠ.

೩

ವಂಶವನ್ನು ಸಾರ್ವಜನಿಕವಾಗಿ ಬರೆದಿಡುವ ಪದ್ಧತಿ ಈ ಸೀಮೆಗೆ ಹೊಸದಲ್ಲ. ಹನ್ನೆರಡು-ಹದಿಮೂರನೆಯ ಶತಮಾನಗಳಲ್ಲಿ ಗುತ್ತವೊಳಲು, ಎಂದರೆ ಇಂದಿನ ಗುತ್ತಲವು, ಗುತ್ತರೆಂಬ ಸಾಮಂತ ಮನೆತನದ ರಾಜಧಾನಿಯಾಗಿದ್ದಿತು. ರಾಣೆಬೆನ್ನೂರು ತಾಲ್ಲೂಕಿನ ಚೌಡದಾನಪುರದಲ್ಲಿಯೂ ಹಾವೇರಿ ತಾಲ್ಲೂಕಿನ ಹರಳಹಳ್ಳಿಯಲ್ಲಿಯೂ ಅವರ ಶಾಸನಗಳುಂಟು. ಈ ಗುತ್ತರು ತಮ್ಮನ್ನು ಚಂದ್ರಗುಪ್ತನ ವಂಶದವರೆಂದೂ ಉಜ್ಜಯಿನೀಪುರವರಾಧೀಶ್ವರರೆಂದೂ ಕರೆದುಕೊಂಡಿದ್ದಾರೆ. ಕನ್ನಡ ಜಿಲ್ಲೆಗಳ ರಾಜವಂಶಗಳನ್ನು ಕುರಿತು ಬರೆದ ಫ್ಲೀಟರು ಈ ಮನೆತನವನ್ನು ವಿಸ್ತಾರವಾಗಿ ವಿಚಾರಿಸಿದ್ದಾರೆ.

ಗುತ್ತ ಶಬ್ದವು ಗುಪ್ತ ಶಬ್ದದ ತದ್ಭವವೆನ್ನಲು ಅಡ್ಡಿಯಿಲ್ಲ. ಆದರೆ ಶಬ್ದದ ಸಂಬಂಧದಿಂದ ರಕ್ತದ ಸಂಬಂಧವು ಸಿದ್ಧವಾಗದು. ಹಾಗೆಂದು ಆ ಶಾಸನಗಳನ್ನು ಸುಳ್ಳೆಂದು ತಳ್ಳುವುದೂ ತಪ್ಪು. ಅವುಗಳಲ್ಲಿ ಎರಡು ಬಗೆಯ ವಂಶಕಥನವಿದೆ. ಶಾಸನವನ್ನು ಬರೆಯಿಸಿದ ಕಾಲಕ್ಕೆ ಸಮೀಪದ ಎರಡು-ಮೂರು ತಲೆಮಾರುಗಳ ಹೆಸರುಗಳನ್ನು ಅಂದಿನವರು ಬಲ್ಲರು. ತಪ್ಪು ಬರೆದರೆ ನಗುವವರು ಎದುರಿಗೇ ಇದ್ದರು. ಚಂದ್ರಗುಪ್ತನಂತಹ ಮೂಲಪುರುಷನ ಹೆಸರಿಗೆ ಅಂತಹ ಸಾಕ್ಷಿಗಳಿಲ್ಲ, ಅದು ಅಲಂಕಾರ. ಚಂದ್ರಗುಪ್ತನ ಹೆಸರು ಗುಪ್ತರ ಚರಿತ್ರೆಗೆ ಆಧಾರವಾಗದಿದ್ದರೂ ಗುತ್ತವೊಳಲಿನ ಅರಸುಮನೆಯು ತನ್ನನ್ನು ಹೇಗೆ ಕಾಣಲು ಬಯಸುತ್ತಿದ್ದಿತೆಂಬುದಕ್ಕೆ ಒಳ್ಳೆಯ ಆಧಾರವಾಗಿದೆ.

ಇದಕ್ಕೆ ಹೋಲಿಸಿ ನೋಡತಕ್ಕದ್ದು ಇದೇ ಜಿಲ್ಲೆಯ ಅಬಲೂರಿನ ಶಾಸನ. ಏಕಾಂತದ ರಾಮಯ್ಯನ ಚರಿತ್ರೆಯನ್ನು ಅದು ದೀರ್ಘವಾಗಿ ಹೇಳುತ್ತದೆ. ಆದರೆ ಅವನು ಆಳಂದೆಯ ಪುರುಷೋತ್ತಮ ಭಟ್ಟನ ಮಗನೆಂಬುದನ್ನು ಹೆಚ್ಚು ಆಡಂಬರವಿಲ್ಲದೆ ತಿಳಿಸಿ ಮುಂದೆ ಸಾಗುತ್ತದೆ. ಶಾಸನದ ಉದ್ದೇಶ ದೇವಾಲಯದ ದತ್ತಿಯನ್ನು ನಿಲ್ಲಿಸುವುದು, ರಾಮಯ್ಯನ ಕುಲವನ್ನು ಮೆರೆಸುವುದಲ್ಲ. ಪವಾಡದ ಭಾಗದಲ್ಲಿ ಏನೇ ಸಂದೇಹವಿದ್ದರೂ, ಉದ್ದೇಶಕ್ಕೆ ಹೊರತಾಗಿ ಬಂದ ಈ ಮಾತು ಗುತ್ತರ ಉದ್ದವಾದ ಪ್ರಶಸ್ತಿಗಿಂತ ವಿಶ್ವಾಸಕ್ಕೆ ಅರ್ಹವಾದುದು. ಲಿಖಿತವೇ ಇಲ್ಲದ ಕಡೆಯಲ್ಲಿ ಆಗುವ ಕಷ್ಟಕ್ಕೆ ಸರ್ವಜ್ಞನ ಉದಾಹರಣೆಯೊಂದೇ ಸಾಕು. ಅವನ ಜನ್ಮವೃತ್ತಾಂತವನ್ನು ಅವನ ಬಾಯಿಂದಲೇ ಹೇಳಿಸುವ ತ್ರಿಪದಿಗಳು ಜನರ ನಾಲಗೆಯ ಮೇಲೆ ಉಳಿದು ಬಂದವು. ಅವುಗಳಲ್ಲಿ ಕವಿಯದೆಷ್ಟು, ಕವಿಯನ್ನು ಪ್ರೀತಿಸಿದವರದೆಷ್ಟು ಎಂಬುದನ್ನು ಬೇರ್ಪಡಿಸುವ ಸಾಧನವಿಲ್ಲ.

೪

ಶಾಸನಕ್ಕೂ ದಫ್ತರಕ್ಕೂ ನಡುವೆ ನಿಂತಿರುವವರು ಹೆಳವರು. ಎತ್ತಿನ ಮೇಲೆ ಕುಳಿತು, ಗಂಟೆಯನ್ನು ನುಡಿಸುತ್ತ ಮನೆಯ ಮುಂದೆ ಬಂದು, ಆ ಮನೆಯ ಮೂಲಸ್ಥಾನ, ಬೆಡಗು, ಹಿರಿಯರ ಹೆಸರುಗಳು, ಶಾಖೆಗಳು ಇವನ್ನು ಹೊಗಳಿ ಹೇಳುವುದು ಅವರ ಕುಲವೃತ್ತಿ. ಹಿಂದಿನ ಭೇಟಿಯ ಅನಂತರ ಹುಟ್ಟಿದ ಮಕ್ಕಳ ಹೆಸರನ್ನು ಅವರು ತಮ್ಮ ಹೊತ್ತಿಗೆಯಲ್ಲಿ ಸೇರಿಸಿಕೊಂಡು, ಕಾಳು, ಬಟ್ಟೆ, ಹಣ ಮೊದಲಾದ ಕಾಣಿಕೆಯನ್ನು ಪಡೆದು ಮುಂದಿನ ಊರಿಗೆ ಹೋಗುವರು. ಇಂತಿಂತಹ ಊರುಗಳು ಇಂತಿಂತಹ ಹೆಳವರ ಮನೆಗೆ ಸೇರಿದುವೆಂಬ ಕಟ್ಟಳೆಯೂ ಅವರಲ್ಲುಂಟು.

ಹೆಳವರ ವಾಕ್ಯವನ್ನು ವಿದ್ಯಾವಂತರು ಕಟ್ಟುಕಥೆಯೆಂದು ಅಸಡ್ಡೆ ಮಾಡುವುದುಂಟು. ಮನೆತನದವರು ವೇದವಾಕ್ಯವೆಂದು ಹಿಡಿಯುವುದುಂಟು. ಎರಡೂ ಅತಿರೇಕ. ಕಾಣಿಕೆ ಕೊಡುವ ಯಜಮಾನನಿಗೆ ಅಪ್ರಿಯವಾದುದನ್ನು ಹೇಳುವುದು ಹೆಳವನ ವೃತ್ತಿಗೆ ಹೊಂದದು. ದತ್ತಕ, ಕುಲದಿಂದ ಹೊರಗಾದವರು, ಸಾಲದಿಂದ ಊರು ಬಿಟ್ಟವರು ಇಂತಹವು ಅವನ ಹೊಗಳಿಕೆಯಲ್ಲಿ ಮರೆಯಾಗಬಹುದು. ಆದರೆ ಮನೆತನವು ಯಾವ ಊರಿನಿಂದ ಯಾವ ಊರಿಗೆ ಬಂದಿತು, ಅಣ್ಣತಮ್ಮಂದಿರ ಯಾವ ಕವಲು ಎಲ್ಲಿ ನೆಲಸಿತು ಎಂಬ ವಿಷಯಗಳಲ್ಲಿ ಅವನಿಗೆ ಸುಳ್ಳಾಡುವ ಕಾರಣ ಕಡಮೆ. ಆ ಕವಲುಗಳ ಮನೆಗಳಿಗೂ ಅವನು ಹೋಗಬೇಕು, ಅಲ್ಲಿಯೂ ಅದನ್ನೇ ಹೇಳಬೇಕು. ಸರಕಾರದ ದಫ್ತರವು ಒಂದು ಗ್ರಾಮದ ಎಲ್ಲೆಗೆ ಬಂದು ನಿಂತುಬಿಡುತ್ತದೆ. ಹೆಳವನ ಹೊತ್ತಿಗೆ ಎಲ್ಲೆಯನ್ನು ದಾಟುತ್ತದೆ. ಅವನ ಬೆಲೆ ಇರುವುದು ಅಲ್ಲಿ.

೫

ಇನ್ನು ದಫ್ತರ. ಪೇಶವೆಯರ ಕಾಲದ ಲೆಕ್ಕಪತ್ರಗಳು ಮರಾಠಿಯಲ್ಲಿ, ಮೋಡಿ ಲಿಪಿಯಲ್ಲಿದ್ದುವು. ಇಂಗ್ಲಿಷರು ಬಂದ ಮೇಲೂ ಕೆಲವು ಕಾಲ ಅದೇ ನಡೆಯಿತು. ಮೋಡಿಯಲ್ಲಿ ಇಕಾರ ಉಕಾರಗಳ ಹ್ರಸ್ವದೀರ್ಘ ಭೇದವಿಲ್ಲ. ಕನ್ನಡದ ಎ ಏ, ಒ ಓ ಎಂಬ ಭೇದವನ್ನು ತೋರಿಸಲು ಮರಾಠಿಯಲ್ಲಿ ಗುರುತೇ ಇಲ್ಲ. ಕನ್ನಡ ಹೆಸರುಗಳು ಈ ಲಿಪಿಯನ್ನು ಹೊಕ್ಕು, ಅಲ್ಲಿಂದ ಇಂಗ್ಲಿಷಿಗೆ ಹೋಗಿ, ಮರಳಿ ಕನ್ನಡಕ್ಕೆ ಬಂದಾಗ ಗುರುತು ಸಿಕ್ಕದಷ್ಟು ಬದಲಾಗುವುದು ಆಶ್ಚರ್ಯವಲ್ಲ. ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಕಾಗದಗಳಲ್ಲಿ ಬಸಪ್ಪನು ಬಸಪನಾಗಿಯೂ ನಿಂಗಪ್ಪನು ನಿಂಗಪನಾಗಿಯೂ ಕಾಣಿಸುವರು. ಗ್ರಂಥಸಂಪಾದಕನು ಓಲೆಯ ಪ್ರತಿಯಲ್ಲಿ ಲೇಖಕದೋಷಗಳನ್ನು ಹೇಗೆ ವರ್ಗೀಕರಿಸುವನೋ ಹಾಗೆಯೇ ಇಲ್ಲಿಯೂ ವರ್ಗೀಕರಿಸಬೇಕಾಗುತ್ತದೆ. ವಂಶವೃತ್ತಾಂತದ ಶೋಧವು ಈ ಅಂಶದಲ್ಲಿ ಪಾಠಪರಿಷ್ಕರಣವೇ ಆಗಿದೆ.

ಲಿಪಿಗಿಂತ ಮುಖ್ಯವಾದುದು ಉದ್ದೇಶ. ೧೮೫೨ರ ಕಾನೂನಿನಿಂದ ಬಲಗೊಂಡ ಇನಾಮು ಕಮಿಶನ್ನು ದಕ್ಷಿಣ ಮರಾಠಾ ಸೀಮೆಯ ಇನಾಮುದಾರರಿಂದ ಕೈಫಿಯತ್ತುಗಳನ್ನು ಕೇಳಿತು. ಭೂಮಿ ಉಳಿಯಬೇಕಾದರೆ ವಂಶವು ಅವಿಚ್ಛಿನ್ನವಾಗಿ ಬಂದಿತೆಂದು ತೋರಿಸಬೇಕು. ಇಂತಹ ಸಂದರ್ಭದಲ್ಲಿ ಬರೆದುಕೊಟ್ಟ ವಂಶಾವಳಿಯಲ್ಲಿ ಕಡಿದುಹೋದ ಕೊಂಡಿಗಳನ್ನು ಬೆಸೆಯುವ ಆಸೆ ಸಹಜ. ಸರಕಾರದ ಪಕ್ಷಕ್ಕೆ ಕೊಂಡಿಯನ್ನು ಕಡಿಯುವ ಆಸೆಯೂ ಸಹಜವೇ. ಆದುದರಿಂದ ಕೈಫಿಯತ್ತನ್ನು ಓದುವವನು ಅದರ ಮೇಲೆ ಆದ ವಿಚಾರಣೆಯನ್ನೂ ಓದಬೇಕು. ವಾದವನ್ನು ಮಾತ್ರ ಓದಿ ಪ್ರತಿವಾದವನ್ನು ಬಿಡುವುದು ವಿಮರ್ಶೆಯಾಗದು.

ಮುಂದೆ ೧೮೭೪ರಲ್ಲಿ ಆನುವಂಶಿಕ ಹುದ್ದೆಗಳ ಕಾನೂನು ಬಂದು, ಗೌಡಕಿ ಕುಲಕರ್ಣಿಕೆಗಳ ವತನದಾರರ ಹೆಸರುಗಳು ಕ್ರಮವಾಗಿ ನೋಂದಲ್ಪಟ್ಟುವು. ಮನೆತನಗಳ ಚರಿತ್ರೆಗೆ ಇದಕ್ಕಿಂತ ಸಮೃದ್ಧವಾದ ಆಕರ ಅಪರೂಪ. ಆದರೆ ೧೮೮೬ರ ತಿದ್ದುಪಡಿಯು ಕಡೆಯ ವತನದಾರನ ವಿಧವೆಯೊಬ್ಬಳ ಹೊರತು ಮಿಕ್ಕ ಹೆಂಗಸರನ್ನು ಮನೆತನದ ಎಲ್ಲ ಗಂಡಸರ ಹಿಂದೆ ನಿಲ್ಲಿಸಿತು. ಹಕ್ಕಿಲ್ಲದವರ ಹೆಸರಿಗೆ ಗುಮಾಸ್ತನ ಲೇಖನಿಯೇಕೆ ತೊಡಗೀತು? ವತನದ ವಂಶವೃಕ್ಷಗಳಲ್ಲಿ ಹೆಣ್ಣುಮಕ್ಕಳು ಕಾಣದಿರುವುದು ಅವರು ಹುಟ್ಟಲಿಲ್ಲವೆಂದಲ್ಲ, ಕೇಳಲ್ಪಡಲಿಲ್ಲವೆಂದು. ೧೯೫೬ರ ಹಿಂದೂ ಉತ್ತರಾಧಿಕಾರ ಕಾನೂನು ಮಗಳನ್ನು ವಾರಸುದಾರಳನ್ನಾಗಿ ಮಾಡಿದ ಮೇಲೆ ವಾರಸಾ ನೋಂದುಗಳಲ್ಲಿ ಅವಳ ಹೆಸರಿಗೆ ಸ್ಥಾನ ಬಂದಿತು. ಇವೆರಡನ್ನೂ ಒಟ್ಟಿಗಿಟ್ಟು ಓದುವ ಅಜಾಗರೂಕನಿಗೆ, ಆ ಮನೆಯಲ್ಲಿ ೧೯೫೬ಕ್ಕೆ ಮೊದಲು ಗಂಡುಮಕ್ಕಳು ಮಾತ್ರ ಹುಟ್ಟುತ್ತಿದ್ದರೆಂಬ ಹಾಸ್ಯಾಸ್ಪದವಾದ ಭ್ರಮೆಯುಂಟಾಗಬಹುದು. ಬದಲಾದುದು ಮನೆಯಲ್ಲ, ಕಾನೂನು.

ಇದರಂತೆಯೇ ಶಾಲೆಯ ದಾಖಲೆ. ಹಳೆಯ ಶಾಲಾ ರಿಜಿಸ್ಟರುಗಳಲ್ಲಿ ಹಲವರು ಜೂನ್ ೧ರಂದೇ ಹುಟ್ಟಿದವರು. ಮಗುವನ್ನು ಶಾಲೆಗೆ ಸೇರಿಸಲು ಬೇಕಾದ ವಯಸ್ಸನ್ನು ಮಾಸ್ತರರು ಲೆಕ್ಕಹಾಕಿ ಬರೆದ ತಾರೀಖದು. ಅದನ್ನು ಜನ್ಮದಿನವೆಂದು ಹಿಡಿದು ಜಾತಕವನ್ನು ಕಟ್ಟುವುದು ಮರಳಿನ ಮೇಲೆ ಮನೆ ಕಟ್ಟಿದಂತೆ. ಜನಗಣತಿಯಿಂದಲೂ ಹೆಸರುಗಳ ಸಹಾಯ ದೊರೆಯದು. ೧೯೪೮ರ ಜನಗಣತಿ ಕಾನೂನಿನ ಪ್ರಕಾರ ಗಣತಿದಾರನು ಬರೆದುಕೊಂಡ ಹಾಳೆಗಳು ಸಾರ್ವಜನಿಕರ ಪರಿಶೀಲನೆಗೆ ಸಲ್ಲುವುದಿಲ್ಲ. ೧೮೭೬–೭೮ರ ಬರಗಾಲದ ಅನಂತರ ಈ ಜಿಲ್ಲೆಯ ಜನಸಂಖ್ಯೆಯು ಕುಗ್ಗಿತೆಂದು ಗಣತಿಯು ಹೇಳಬಲ್ಲುದು. ಯಾರ ಮನೆಯ ದೀಪ ಆರಿತೆಂದು ಹೇಳಲಾರದು.

೬

ದಫ್ತರದಲ್ಲಿ ಹುಡುಕುವವನ ಕೈಯಲ್ಲಿರುವ ಬೀಗದಕೈ ಹೆಸರು. ಧಾರವಾಡ ಸೀಮೆಯ ಹೆಸರು ತನ್ನದು, ತಂದೆಯದು, ಮನೆತನದ್ದು ಎಂದು ಮೂರು ಭಾಗಗಳುಳ್ಳದ್ದಾದುದರಿಂದ ಅದೇ ಒಂದು ಸಣ್ಣ ವಂಶಾವಳಿ. ಮನೆತನದ ಹೆಸರುಗಳಾದರೋ ಬಹುವಿಧ. ಹುದ್ದೆಯಿಂದ ಬಂದುವು ಕುಲಕರ್ಣಿ, ಪಾಟೀಲ, ದೇಸಾಯಿ. ವ್ಯಾಪಾರದಿಂದ ಬಂದುವು ಮೆಣಸಿನಕಾಯಿ, ಬೆಲ್ಲದ, ಅಂಗಡಿ. ಮನೆಯಿದ್ದ ಜಾಗದಿಂದಲೋ ಮನೆಯ ಸ್ವರೂಪದಿಂದಲೋ ಬಂದುವು ಹೊಸಮನಿ, ದೊಡ್ಡಮನಿ, ಹಿತ್ತಲಮನಿ. ಇವು ಒಂದೊಂದು ಊರಿನಲ್ಲಿಯೂ ಬೇರೆಬೇರೆಯಾಗಿ ಹುಟ್ಟಬಹುದಾದ ಹೆಸರುಗಳು. ರಾಣೆಬೆನ್ನೂರಿನ ಹೊಸಮನಿಯವರಿಗೂ ಹಾವೇರಿಯ ಹೊಸಮನಿಯವರಿಗೂ ನಂಟಿದ್ದೇ ತೀರಬೇಕೆಂಬ ನಿಯಮವಿಲ್ಲ. ಜಾತಿ ಬೇರೆಯಾಗಿಯೂ ಹೆಸರು ಒಂದೇ ಇರುವುದು ಸಾಮಾನ್ಯ. ಅಡ್ಡಹೆಸರಿನ ಸಾಮ್ಯದಿಂದ ವಂಶದ ಐಕ್ಯವನ್ನು ಊಹಿಸುವುದು ಗುತ್ತರಿಂದ ಗುಪ್ತರನ್ನು ಊಹಿಸಿದಂತೆಯೇ ಆಗುತ್ತದೆ.

ಸಾಹಿತ್ಯಚರಿತ್ರಕಾರನಿಗೆ ಇದು ಎಷ್ಟು ಸಮೀಪದ ವಿಷಯವೆಂಬುದನ್ನು ಗಳಗನಾಥರ ಹೆಸರೇ ತೋರಿಸುತ್ತದೆ. ಕನ್ನಡ ಕಾದಂಬರಿಯ ಪಿತಾಮಹರೆಂದು ಹೆಸರಾದ, ‘ಮಾಧವ ಕರುಣಾವಿಲಾಸ’ದ ಕರ್ತೃಗಳಾದ ಈ ಹಾವೇರಿಯ ಗ್ರಂಥಕಾರರು (೧೮೬೯–೧೯೪೨) ದಫ್ತರದ ಪ್ರಕಾರ ವೆಂಕಟೇಶ ತಿರಕೋ ಕುಲಕರ್ಣಿ. ಇದರಲ್ಲಿ ಮೊದಲನೆಯದು ಅವರದು, ಎರಡನೆಯದು ತಂದೆಯದು, ಮೂರನೆಯದು ಹುದ್ದೆಯದು. ತಂದೆಯ ಹೆಸರಿನ ಓಕಾರಾಂತವು ವೆಂಕಟ ರಂಗೋ ಕಟ್ಟಿಯವರ ಹೆಸರಿನಲ್ಲಿಯೂ ಕಾಣುವ, ಮರಾಠಿಯ ಬಳಕೆಯಿಂದ ಬಂದ ರೂಪ. ಈ ಮೂರರಲ್ಲಿ ಯಾವುದರಿಂದಲೂ ವಾಚಕರು ಅವರನ್ನು ಗುರುತಿಸುವುದಿಲ್ಲ. ವಾಚಕರು ಬಲ್ಲ ಗಳಗನಾಥ ಎಂಬ ಹೆಸರು ಉಳಿದಿರುವುದು ಗ್ರಂಥಗಳ ಮುಖಪುಟದಲ್ಲಿ. ವರದಾ ತುಂಗಭದ್ರೆಯರು ಕೂಡುವ ತಾಣದ ದೇವರ ಮತ್ತು ಊರಿನ ಹೆಸರು ಅದು. ದಫ್ತರದ ಕುಲಕರ್ಣಿಯನ್ನೂ ಮುಖಪುಟದ ಗಳಗನಾಥನನ್ನೂ ಕೂಡಿಸುವ ಕೊಂಡಿಯು ಇವೆರಡರಲ್ಲಿಯೂ ಇಲ್ಲದೆ, ಸಮಕಾಲೀನರ ಬರವಣಿಗೆಯಲ್ಲಿ ದೊರೆಯುತ್ತದೆ. ಲೇಖಕರ ಮಟ್ಟಿಗೆ ಆ ಕೊಂಡಿ ಗಟ್ಟಿಯಾಗಿದೆ. ಕಾವ್ಯನಾಮವನ್ನು ಮಾತ್ರ ಉಳಿಸಿ ಮರೆಯಾದ ಸಾಮಾನ್ಯ ಬರಹಗಾರನ ಗತಿಯೇನೆಂಬುದನ್ನು ಇದರಿಂದಲೇ ಊಹಿಸಬಹುದು.

೭

ಪತ್ರಿಕೆಗಳು ಈ ಕೊಂಡಿಗಳ ಭಂಡಾರ. ಗಳಗನಾಥರು ಅಗಡಿಯಿಂದ ೧೯೦೭ರಲ್ಲಿ ಆರಂಭಿಸಿದ ‘ಸದ್ಬೋಧ ಚಂದ್ರಿಕೆ’, ೧೯೨೧ರ ‘ಕರ್ಮವೀರ’, ೧೯೩೩ರಿಂದ ದಿನಪತ್ರಿಕೆಯಾದ ‘ಸಂಯುಕ್ತ ಕರ್ನಾಟಕ’ ಇವು ಈ ಸೀಮೆಯ ಮನೆಗಳಲ್ಲಿ ಓದಲ್ಪಡುತ್ತಿದ್ದ ಪತ್ರಿಕೆಗಳು. ಸಾಹಿತ್ಯದ ಅಭ್ಯಾಸಿಗಳು ಇಂತಹ ಪತ್ರಿಕೆಗಳ ಲೇಖನಗಳನ್ನು ಓದಿ ಪ್ರಕಟಣೆಗಳ ಅಂಕಣವನ್ನು ಬಿಡುವುದು ವಾಡಿಕೆ. ವಾಸ್ತವವಾಗಿ ಪ್ರಕಟಣೆಯೂ ಒಂದು ಗದ್ಯಪ್ರಕಾರವೇ. ಅದಕ್ಕೂ ತನ್ನದೇ ಆದ ಕಟ್ಟು, ಕವಿಸಮಯ, ಮೌನಗಳುಂಟು.

ಮರಣವಾರ್ತೆಯನ್ನು ನೋಡಬಹುದು. ಲಿಂಗೈಕ್ಯ, ಕೈಲಾಸವಾಸಿ, ವೈಕುಂಠವಾಸಿ ಎಂಬ ಒಂದು ವಿಶೇಷಣದಿಂದಲೇ ಮನೆಯ ಸಂಪ್ರದಾಯವು ತಿಳಿಯುತ್ತದೆ. ಶಿವಗಣಾರಾಧನೆಯೋ ವೈಕುಂಠ ಸಮಾರಾಧನೆಯೋ ನಡೆಯುವ ದಿನದಿಂದ ಮರಣದ ದಿನವನ್ನು ಹಿಂದಕ್ಕೆ ಎಣಿಸಬಹುದು. ಕೆಳಗೆ ದುಃಖತಪ್ತರೆಂದು ಸಹಿ ಮಾಡಿದವರ ಅನುಕ್ರಮವು ಮನೆಯೊಳಗಿನ ಹಿರಿತನದ ಅನುಕ್ರಮ. ಆದರೆ ಅಲ್ಲಿ ಬಿಟ್ಟುಹೋದ ಹೆಸರಿಗೆ ಕಾರಣವು ಮರಣವೂ ಆಗಿರಬಹುದು, ಮನಸ್ತಾಪವೂ ಆಗಿರಬಹುದು. ವಯಸ್ಸನ್ನು ಹ್ರಸ್ವಗೊಳಿಸುವವರಿಲ್ಲ, ದೀರ್ಘಗೊಳಿಸುವವರುಂಟು.

ಜಾಹೀರು ನೋಟೀಸು ಇದಕ್ಕೆ ವಿರುದ್ಧವಾದ ಪ್ರಕಾರ. ಮರಣವಾರ್ತೆಯು ಮನೆಯನ್ನು ಒಂದಾಗಿ ತೋರಿಸಲು ಹುಟ್ಟಿದ್ದು. ಜಾಹೀರು ನೋಟೀಸು ಮನೆ ಒಡೆದಾಗ ಹುಟ್ಟುವುದು. ಇಂತಹ ಆಸ್ತಿಯನ್ನು ಯಾರೂ ಕೊಳ್ಳಕೂಡದೆಂದು ಅಣ್ಣನು, ಮಗನು ಮಾಡಿದ ಸಾಲಕ್ಕೆ ತಾನು ಹೊಣೆಯಲ್ಲವೆಂದು ತಂದೆ, ದತ್ತಕವು ತನಗೆ ಸಮ್ಮತವಿಲ್ಲವೆಂದು ದಾಯಾದಿ ಇವರು ಅಚ್ಚು ಹಾಕಿಸುವ ಮಾತುಗಳಲ್ಲಿ ಹೆಳವನು ಹೇಳದ, ಮರಣವಾರ್ತೆಯು ಮುಚ್ಚುವ ಸಂಬಂಧಗಳೆಲ್ಲ ಹೊರಬೀಳುತ್ತವೆ. ಬ್ಯಾಡಗಿಯಂತಹ ಮೆಣಸಿನಕಾಯಿಯ ಪೇಟೆಯಲ್ಲಿ ಪಾಲುದಾರಿಕೆ ಮುರಿದುದನ್ನು ಸಾರುವ ನೋಟೀಸು ಸಹ ಮನೆತನದ ದಾಖಲೆಯೇ. ಅಲ್ಲಿ ಅಂಗಡಿಯೂ ಮನೆಯೂ ಒಂದೇ ಕುಟುಂಬದ ಎರಡು ಮುಖಗಳು. ಇಲ್ಲಿ ಒಂದು ಎಚ್ಚರಿಕೆ ಅವಶ್ಯ: ಅಂಗಡಿಯ ಹೆಸರು ಯಜಮಾನನ ಮರಣಾನಂತರವೂ ನಡೆಯುತ್ತದೆ. ಹೆಸರು ವ್ಯವಹರಿಸಿತೆಂದ ಮಾತ್ರಕ್ಕೆ ಮನುಷ್ಯನು ಬದುಕಿದ್ದನೆಂದು ಹೇಳಲಾಗದು.

೮

ಈಗ ಮಹಾದೇವ ಮಾರ್ತಾಂಡನ ಪ್ರಶ್ನೆಗೆ ಹಿಂದಿರುಗಬಹುದು. ಮೈಲಾರ ಮಹಾದೇವಪ್ಪನವರು ೧೯೧೧ನೆಯ ಇಸವಿ ಜೂನ್ ೮ರಂದು ಮೋಟೆಬೆನ್ನೂರಿನಲ್ಲಿ ಹುಟ್ಟಿದರು. ತಂದೆ ಮಾರ್ತಾಂಡಪ್ಪ, ತಾಯಿ ಬಸಮ್ಮ. ಧಾರವಾಡ ಸೀಮೆಯ ಕ್ರಮದಲ್ಲಿ ಬರೆದರೆ ಅವರ ಪೂರ್ಣನಾಮ ಮಹಾದೇವಪ್ಪ ಮಾರ್ತಾಂಡಪ್ಪ ಮೈಲಾರ. ಇದರಲ್ಲಿ ಮನೆತನದ ಹೆಸರನ್ನು ಬಿಟ್ಟು, ಉಳಿದ ಎರಡರಿಂದಲೂ ‘ಅಪ್ಪ’ನನ್ನು ತೆಗೆದರೆ ಮಹಾದೇವ ಮಾರ್ತಾಂಡನು ಉಳಿಯುವನು. ಊರಿನ ರೂಢಿಯು ಇದಕ್ಕೆ ವಿಪರೀತವಾಗಿ ತಂದೆಯ ಹೆಸರನ್ನು ಬಿಟ್ಟು ಮನೆತನದ ಹೆಸರನ್ನು ಮುಂದಿಟ್ಟು ಮೈಲಾರ ಮಹಾದೇವಪ್ಪನೆಂದಿತು. ಎರಡು ಸಂಕ್ಷೇಪಗಳು ಒಂದೇ ಪೂರ್ಣನಾಮದಿಂದ ಹುಟ್ಟಿ ಎರಡು ದಿಕ್ಕಿಗೆ ಹೋದುವು.

ರೂಪಸಾಮ್ಯದಿಂದ ಮಾತ್ರವೇ ನಿರ್ಣಯವಾಗುವುದಿಲ್ಲ. ಯಾತ್ರಿಕರ ಪಟ್ಟಿಯಲ್ಲಿ ಕಾಣುವ ವಯಸ್ಸು ೧೮. ಜನ್ಮದಿನದಿಂದ ಲೆಕ್ಕಹಾಕಿದರೆ ೧೯೩೦ರ ಮಾರ್ಚಿಯಲ್ಲಿ ಮಹಾದೇವಪ್ಪನವರಿಗೆ ೧೮ ವರ್ಷ ೯ ತಿಂಗಳು. ಪಟ್ಟಿಯ ಪ್ರಾಂತ ಕರ್ನಾಟಕ, ಆ ಪ್ರಾಂತದಿಂದ ಬಂದವನು ಒಬ್ಬನೇ. ಇವೆಲ್ಲಕ್ಕಿಂತ ಬಲವಾದುದು ಎರಡು ಆಧಾರಗಳ ಉದ್ದೇಶಭೇದ. ಪತ್ರಿಕೆಯ ಪಟ್ಟಿಯು ಮಹಾದೇವಪ್ಪನವರಿಗೆ ಯಾವ ಕೀರ್ತಿಯೂ ಬಾರದಿದ್ದಾಗ, ಯಾರ ಹಕ್ಕನ್ನೂ ಸ್ಥಾಪಿಸುವುದಕ್ಕಲ್ಲದೆ, ಹೊರಟವರು ಇವರೆಂದು ಲೋಕಕ್ಕೆ ತಿಳಿಸುವುದಕ್ಕಾಗಿ ಬರೆದುದು. ಊರಿನ ಸ್ಮರಣೆಯಾದರೋ ೧೯೪೩ನೆಯ ಇಸವಿ ಏಪ್ರಿಲ್ ೧ರಂದು ಹೊಸರಿತ್ತಿಯಲ್ಲಿ ಅವರು ಗುಂಡಿಗೆ ಬಲಿಯಾದ ಮೇಲೆ ಹುತಾತ್ಮನ ಗೌರವಕ್ಕಾಗಿ ಬೆಳೆದುದು. ಒಂದು ನಿರ್ವಿಕಾರವಾದ ಅಚ್ಚು, ಇನ್ನೊಂದು ಪ್ರೀತಿಯ ನೆನಪು. ಒಂದು ಇನ್ನೊಂದನ್ನು ನೋಡಿ ಹುಟ್ಟಿದುದಲ್ಲ. ಇವೆರಡೂ ತಂದೆಯ ಹೆಸರಿನಲ್ಲಿ, ವಯಸ್ಸಿನಲ್ಲಿ, ಪ್ರಾಂತದಲ್ಲಿ ಕೂಡುವುದರಿಂದ ಅಭೇದವು ಸಿದ್ಧವಾಯಿತು.

ತಂದೆಯ ಹೆಸರು ಇಲ್ಲದಿದ್ದರೆ ಏನಾಗುತ್ತಿತ್ತೆಂಬುದನ್ನು ಯೋಚಿಸಬೇಕು. ಮಹಾದೇವನೆಂಬ ಹೆಸರಿನವರು ಅಸಂಖ್ಯರು. ಪಟ್ಟಿಯ ಏಕೈಕ ಕನ್ನಡಿಗನು ಯಾರೆಂಬುದು ಊಹೆಯ ವಿಷಯವಾಗುತ್ತಿತ್ತು. ಈ ಮಾರ್ತಾಂಡ ಎಂಬ ಹೆಸರೂ ಮೈಲಾರ ಎಂಬ ಹೆಸರೂ ಒಂದೇ ದೇವರವು. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ಮಾಲತೇಶನೆಂದು ಪೂಜೆಗೊಳ್ಳುವ ಮೈಲಾರಲಿಂಗನನ್ನು ಮಾರ್ತಾಂಡಭೈರವನೆಂದೂ ಭಜಿಸುವರು. ಮನೆತನದ ಹೆಸರು ಪಟ್ಟಿಯಿಂದ ಬಿದ್ದುಹೋದರೂ ಅದರ ದೈವವು ತಂದೆಯ ಹೆಸರಿನಲ್ಲಿ ಉಳಿದುಕೊಂಡಿತು.

ಹೊಸರಿತ್ತಿಯಲ್ಲಿ ಅವರೊಡನೆ ಪ್ರಾಣವನ್ನರ್ಪಿಸಿದವರು ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ. ಮೈಲಾರ ದೇವರ ಹೆಸರು, ಮಡಿವಾಳರ ಕಸುಬಿನ ಹೆಸರು, ಹಿರೇಮಠ ಮಠದ ಹೆಸರು. ಈ ಸೀಮೆಯಲ್ಲಿ ಮನೆತನದ ಹೆಸರುಗಳು ಹುಟ್ಟುವ ಮೂರು ದಾರಿಗಳು ಒಂದೇ ದಿನ ಒಂದೇ ಅಂಗಳದಲ್ಲಿ ಸೇರಿದುವು. ಗಳಗನಾಥರ ತಂದೆಯ ಹೆಸರಿನ ತಿರಕೋ, ಹುತಾತ್ಮರ ಹೆಸರಿನ ತಿರಕಪ್ಪ ಇವೆರಡರ ಮೊದಲ ಭಾಗವೂ ಒಂದೇ. ಒಂದಕ್ಕೆ ದಫ್ತರದ ಪ್ರತ್ಯಯ, ಇನ್ನೊಂದಕ್ಕೆ ಊರಿನ ಪ್ರತ್ಯಯ. ಪ್ರತ್ಯಯದಿಂದಲೇ ಲೇಖನಿ ಯಾರ ಕೈಯಲ್ಲಿತ್ತೆಂಬುದು ತಿಳಿಯುತ್ತದೆ.

ಮಹಾದೇವಪ್ಪನವರು ಹೊಸರಿತ್ತಿಗೆ ಹೋದುದು ಸರಕಾರದ ಕಂದಾಯದ ಹಣವಿದ್ದ ಠಾಣ್ಯಕ್ಕೆ ಮುತ್ತಿಗೆ ಹಾಕಲು. ೧೯೪೨ರ ಚಳವಳಿಯಲ್ಲಿ ಧಾರವಾಡ ಜಿಲ್ಲೆಯ ಅನೇಕ ಗ್ರಾಮಗಳ ಚಾವಡಿಗಳು ದಫ್ತರಗಳೊಡನೆ ಬೆಂಕಿಗೆ ಆಹುತಿಯಾದುವು. ಇಂದಿನ ಶೋಧಕನು ಆ ಬೂದಿಯನ್ನು ನೆನೆದು ಮರುಗುವುದು ಸಹಜ. ಆದರೆ ಸುಟ್ಟವರಿಗೆ ಆ ಕಾಗದಗಳು ಪೂರ್ವಜರ ನೆನಪಾಗಿರಲಿಲ್ಲ, ಪರರಾಜ್ಯದ ಕಂದಾಯದ ಹಗ್ಗವಾಗಿದ್ದುವು. ಅವರ ದೃಷ್ಟಿಯು ಒಂದು ಸತ್ಯವನ್ನು ತೋರಿಸುತ್ತದೆ: ದಫ್ತರವು ಎಂದಿಗೂ ಮನೆತನಗಳನ್ನು ನೆನೆಯಲು ಬರೆದುದಲ್ಲ. ಅದು ಭೂಮಿಯನ್ನು ಹಿಡಿಯಲು, ಕಂದಾಯವನ್ನು ಎತ್ತಲು ಬರೆದುದು. ಭೂಮಿಯಿದ್ದವರ ಹೆಸರು ಅದರಲ್ಲಿ ನಿಂತಿತು. ಕೂಲಿಮಾಡಿದವರು, ಕೋರು ಮಾಡಿದವರು, ತವರು ಬಿಟ್ಟ ಹೆಣ್ಣುಮಕ್ಕಳು ಅದರ ಅಂಚಿನಲ್ಲಿಯೂ ನಿಲ್ಲಲಿಲ್ಲ.

೯

ಮೇಲಣ ವಿಚಾರದಿಂದ ಫಲಿಸುವ ನಿಯಮವನ್ನು ನ್ಯಾಯಶಾಸ್ತ್ರವು ಬೇರೊಂದು ದಾರಿಯಿಂದ ಮೊದಲೇ ಕಂಡುಕೊಂಡಿದೆ. ೧೮೭೨ರ ಭಾರತೀಯ ಸಾಕ್ಷ್ಯ ಕಾನೂನಿನ ೩೨ನೆಯ ಕಲಮು, ತೀರಿಕೊಂಡವರು ಬಂಧುತ್ವದ ವಿಷಯವಾಗಿ ಆಡಿದ ಮಾತು ವ್ಯಾಜ್ಯವು ಹುಟ್ಟುವುದಕ್ಕೆ ಮುಂಚಿನದಾದರೆ ಅದನ್ನು ಸಾಕ್ಷ್ಯಕ್ಕೆ ಸೇರಿಸುತ್ತಿದ್ದಿತು. ೨೦೨೪ರ ಜುಲೈ ೧ರಿಂದ ಅದರ ಸ್ಥಾನದಲ್ಲಿ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಈ ತತ್ತ್ವವು ಉಳಿದಿದೆ. ವ್ಯಾಜ್ಯವೆಂಬ ಪದವನ್ನು ಸಾಹಿತ್ಯಚರಿತ್ರಕಾರನು ಸ್ವಲ್ಪ ವಿಸ್ತರಿಸಿಕೊಳ್ಳಬೇಕು. ಭೂಮಿಯ ವ್ಯಾಜ್ಯವಿರುವಂತೆ ಕುಲದ ವ್ಯಾಜ್ಯ, ಕೀರ್ತಿಯ ವ್ಯಾಜ್ಯ, ಇಂತಹ ಕವಿ ನಮ್ಮ ಊರಿನವನೆಂಬ ವ್ಯಾಜ್ಯ ಇವೂ ಉಂಟು. ಇವು ಹುಟ್ಟುವ ಮೊದಲು ಬರೆದ ಸಣ್ಣ ಮಾತು, ಹುಟ್ಟಿದ ಮೇಲೆ ಬರೆದ ದೊಡ್ಡ ಗ್ರಂಥಕ್ಕಿಂತ ಮೇಲು. ವ್ಯಾಜ್ಯಾನಂತರದ ಮಾತನ್ನು ಸ್ವೀಕರಿಸಬೇಕಾದಲ್ಲಿ, ಅದಕ್ಕೆ ವಿರುದ್ಧವಾದ ಉದ್ದೇಶದಿಂದ ಹುಟ್ಟಿದ ಇನ್ನೊಂದು ಆಧಾರವು ಅದನ್ನೇ ಹೇಳುವುದೋ ಎಂದು ನೋಡಬೇಕು. ಹೆಳವನೂ ವತನದ ರಿಜಿಸ್ಟರೂ ಕೂಡಿದರೆ ನಂಬಬಹುದು. ಮರಣವಾರ್ತೆಯೂ ಜಾಹೀರು ನೋಟೀಸೂ ಕೂಡಿದರೆ ಇನ್ನೂ ಹೆಚ್ಚಾಗಿ ನಂಬಬಹುದು. ಒಂದೇ ಬಗೆಯ ಹತ್ತು ಕಾಗದಗಳು ಕೂಡಿದರೂ ಅವು ಒಂದೇ ಸಾಕ್ಷಿ.

ಪಹಣಿಗಳು ಇಂದು ಗಣಕಯಂತ್ರದಲ್ಲಿ ದೊರೆಯುತ್ತವೆ. ಹಳೆಯ ಪತ್ರಿಕೆಗಳ ಛಾಯಾಪ್ರತಿಗಳೂ ಕ್ರಮೇಣ ಕೈಗೆಟುಕುತ್ತಿವೆ. ಹುಡುಕುವ ಶ್ರಮ ಕಡಮೆಯಾದಷ್ಟೂ ಓದುವ ಶ್ರಮ ಹೆಚ್ಚಬೇಕಾದುದು ನ್ಯಾಯ. ಯಂತ್ರಕ್ಕೆ ಮಹಾದೇವಪ್ಪನೆಂಬ ಹೆಸರನ್ನು ಕೊಟ್ಟರೆ ಅದು ಮಹಾದೇವ ಮಾರ್ತಾಂಡನನ್ನು ತಂದುಕೊಡುವುದಿಲ್ಲ. ಆ ಎರಡು ಹೆಸರುಗಳ ನಡುವಣ ದಾರಿಯನ್ನು ಬಲ್ಲವನು ಧಾರವಾಡ ಸೀಮೆಯ ಹೆಸರಿಡುವ ಕ್ರಮವನ್ನೂ ಮೈಲಾರನ ಭಕ್ತಿಯನ್ನೂ ಅರಿತ ಓದುಗನೇ. ಶಾಲೆ ಕಾಲೇಜುಗಳಲ್ಲಿ ಸಾಹಿತ್ಯವನ್ನು ಬೋಧಿಸುವವರು ವಿದ್ಯಾರ್ಥಿಗಳ ಕೈಯಿಂದ ಅವರವರ ಮನೆಯ ಮೂರು ತಲೆಮಾರುಗಳ ವೃತ್ತಾಂತವನ್ನು ಈ ಕ್ರಮದಲ್ಲಿ ಬರೆಯಿಸಿದರೆ, ಆಧಾರವಿಮರ್ಶೆಯ ಪಾಠವು ಗ್ರಂಥಗಳಿಂದ ಕಲಿಯುವುದಕ್ಕಿಂತ ಚೆನ್ನಾಗಿ ಮನಸ್ಸಿಗೆ ಹತ್ತುವುದು. ಅಜ್ಜನ ಹೆಸರು ಉತಾರದಲ್ಲಿ ಸಿಕ್ಕಿ ಅಜ್ಜಿಯ ಹೆಸರು ಎಲ್ಲಿಯೂ ಸಿಕ್ಕದಿದ್ದಾಗ, ದಾಖಲೆಯೆಂದರೇನೆಂಬುದು ಆ ವಿದ್ಯಾರ್ಥಿಗೆ ತಾನಾಗಿಯೇ ತಿಳಿಯುವುದು. ಮನೆಯ ಹಿರಿಯರನ್ನು ಕೇಳಿ ಆ ಹೆಸರನ್ನು ಬರೆದಿಡುವುದೇ ಅವನು ಮಾಡಬೇಕಾದ ಮೊದಲನೆಯ ಸಂಶೋಧನೆ.